ಒಂಬತ್ತನೇ ತಂಡಕ್ಕೆ ಮೈಕು

ಕಾಲೇಜಿನ ಮೆಟ್ಟಿಲು ಹತ್ತದ ನಾನು ಎಂಟು ಕಾಲೇಜುಗಳ ಫುಟ್‌ಬಾಲ್ ಲೀಗಿಗೆ ಕಾರ್ಯದರ್ಶಿಯಾದದ್ದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಜೆರ್ಸಿಯ ಅಳತೆ ತೆಗೆಯುತ್ತಾ ತೆಗೆಯುತ್ತಾ ಆದೆ. ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿ. ಪೂರ್ವ ಬೆಂಗಳೂರಿನ ಎಂಟೂ ಕಾಲೇಜುಗಳ ಪಿ.ಟಿ. ಮೇಷ್ಟ್ರುಗಳು ಜೆರ್ಸಿಗೆ ನನ್ನ ಹತ್ತಿರವೇ ಬರುವವರು. ಒಂದು ವರ್ಷ ಯಾವ ವಾರ ಯಾರು ಯಾರ ಮೇಲೆ ಆಡಬೇಕು ಎಂದು ನನ್ನ ಅಂಗಡಿಯೊಳಗೇ ಜಗಳಕ್ಕೆ ನಿಂತರು. ಗಿರಾಕಿಗಳಿಗೆ ಒಳಗೆ ಬರಲು ಜಾಗವಿಲ್ಲ. ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಚೌಕಗಳನ್ನು ಎಳೆದು, ಪ್ರತಿಯೊಬ್ಬರಿಗೂ ಅವರು ಕೇಳಿದ್ದರಲ್ಲಿ ಒಂದನ್ನು ಕೊಟ್ಟು ಒಂದನ್ನು ಕಿತ್ತುಕೊಂಡು, ಚಹಾ ಬರುವಷ್ಟರಲ್ಲಿ ಜಗಳ ಮುಗಿಸಿದೆ. ಅಂದಿನಿಂದ ಆ ಕೆಲಸ ನನ್ನ ತಲೆಗೇ ಬಿತ್ತು.

ಚೌಕಾಸಿ ಕಲಿತದ್ದೂ ಅಲ್ಲೇ, ಅಂಗಡಿಯಿಂದ ಕೂಗಳತೆಯ ದೂರದಲ್ಲಿ. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ನಮ್ಮಪ್ಪ ಸೊಪ್ಪಿನ ಕಟ್ಟುಗಳನ್ನು ಸೈಕಲ್ಲಿಗೆ ಹೇರಿಕೊಂಡು ರಸೆಲ್ ಮಾರುಕಟ್ಟೆಗೆ ತರುತ್ತಿದ್ದರು. ರಜೆಯ ದಿನ ಕೊತ್ತಂಬರಿ ಕಟ್ಟುಗಳ ನಡುವೆ ನಾನೂ ಒಂದು ಕಟ್ಟು. ಮನೆಯಲ್ಲಿ ಕನ್ನಡ, ಸೊಪ್ಪು ಕೊಳ್ಳಲು ಬರುವ ಅಮ್ಮಂದಿರ ಜೊತೆ ತಮಿಳು, ಪಕ್ಕದ ಮಳಿಗೆಯವರ ಜೊತೆ ದಖ್ಖನಿ. ಮೂರೂ ಬೆಲೆ ಹೇಳುತ್ತಲೇ ಬಂದವು. ಆಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡು ಜೆರ್ಸಿಗಳ ಬೆನ್ನಿಗೆ ನಂಬರ್ ಹೊಲಿದೆ, ಅದೇ ಬೆಳೆದು ಅಂಗಡಿಯಾಯಿತು. ವ್ಯಾಪಾರಕ್ಕಿಳಿಯುವ ಹೆಣ್ಣುಮಕ್ಕಳು ಬುದ್ಧಿ ಕೇಳಲು ಬಂದರೆ ನಾನು ಹೇಳುವುದು ಇಷ್ಟೇ: ಗಿರಾಕಿಯ ಬಾಯಿ ಬಿಡಿ, ಕೈ ನೋಡಿ. ಬೇಡ ಬೇಡ ಎನ್ನುತ್ತಲೇ ಯಾವ ಬಟ್ಟೆಯನ್ನು ಎರಡನೇ ಸಲ ಮುಟ್ಟುತ್ತಾನೋ ಅದು ಅವನಿಗೆ ಬೇಕು.

ಈಚೆಗೆ ಒಂದು ಮಧ್ಯಾಹ್ನ ಅಂಗಡಿಗೆ ಬಂದ ಹುಡುಗಿ ಬಟ್ಟೆಯನ್ನೇ ಮುಟ್ಟಲಿಲ್ಲ. ಇಂದಿರಾನಗರದಲ್ಲಿ ಆಫೀಸಿರುವ ಒಂದು ಆ್ಯಪ್ ಕಂಪನಿಯವಳು. ಊರಿನ ಸಣ್ಣಪುಟ್ಟ ಪಂದ್ಯಗಳನ್ನು ನೇರವಾಗಿ ಫೋನಿನಲ್ಲಿ ತೋರಿಸುವುದು ಅವರ ವ್ಯವಹಾರ.

"ಮೇಡಂ, ನಮ್ಗೆ ಈಸ್ಟ್ ಪೂರ್ತಿ ಬೇಕು," ಎಂದಳು. "ಇಂದಿರಾನಗರದ ಕೆಫೆಯಿಂದ ಹಿಡ್ದು ಕೆ.ಆರ್. ಪುರದ ಹಾಸ್ಟೆಲ್‌ವರ್ಗೂ. ನಿಮ್ಮ ಲೀಗಲ್ಲಿ ಕೆ.ಆರ್. ಪುರದವ್ರು ಒಬ್ರೂ ಇಲ್ವಲ್ಲ."

"ಅವ್ರು ಕೇಳೂ ಇಲ್ಲ, ನಾವು ಕರೆದೂ ಇಲ್ಲ."

"ಈಗ ಕರೀರಿ. ಅಲ್ಲೊಂದು ದೊಡ್ಡ ಇಂಜಿನಿಯರಿಂಗ್ ಕಾಲೇಜಿದೆ. ಸೌತ್ ಲೀಗ್‌ನವ್ರೂ ಅದರ ಹಿಂದೆ ಬಿದ್ದಿದಾರೆ. ಆ ಕಾಲೇಜು ಯಾವ ಲೀಗಿಗೆ ಸೇರುತ್ತೋ ಆ ಲೀಗನ್ನ ನಾವು ತೋರಿಸ್ತೀವಿ."

ನಗರದ ದಕ್ಷಿಣ ಭಾಗದ ಕಾಲೇಜುಗಳದ್ದೂ ನಮ್ಮ ಹಾಗೆಯೇ ಒಂದು ಲೀಗು. ಇಷ್ಟು ದಿನ ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು. ಈಗ ಮಾರತಹಳ್ಳಿಯಿಂದಾಚೆ ಇನ್ನಾರನ್ನು ಎಳೆದುಕೊಳ್ಳೋಣ ಎಂದು ಅವರೂ ನಕ್ಷೆ ಹರಡಿಕೊಂಡು ಕೂತಿದ್ದಾರೆಂದು ತಿಳಿಯಿತು. ನನಗೆ ಖುಷಿಯೇ ಆಯಿತು. ಒಂದು ಸರಕಿಗೆ ಇಬ್ಬರು ಗಿರಾಕಿಗಳಿದ್ದರೆ ಮಾತಿಗೆ ರುಚಿ ಬರುತ್ತದೆ.

ಆದರೆ ಹುಡುಗಿ ಇನ್ನೊಂದು ಮಾತು ಸೇರಿಸಿದಳು. "ಎಂಟೇ ಟೀಮ್ ಇರ್ಬೇಕು ಮೇಡಂ. ಶನಿವಾರ ಎರಡು ಮ್ಯಾಚ್, ಭಾನುವಾರ ಎರಡು. ಒಂಬತ್ತಾದ್ರೆ ಪ್ರತಿ ವಾರ ಒಂದು ಟೀಮ್ ಸುಮ್ನೆ ಕೂತಿರುತ್ತೆ. ಆ ಕಾಲೇಜಿನವ್ರು ಆ ವಾರ ನಮ್ಮ ಆ್ಯಪ್ ಕಡೆ ತಿರುಗೂ ನೋಡಲ್ಲ. ಒಬ್ರು ಬಂದ್ರೆ ಒಬ್ರು ಹೋಗ್ಬೇಕು."

"ಯಾರು?"

"ಹಲಸೂರಿನ ಕಾಲೇಜು. ಸ್ಟೂಡೆಂಟ್ಸೇ ಇಲ್ಲ ಅಲ್ಲಿ."

ಹಲಸೂರಿನದು ಸಣ್ಣ ಕಾಲೇಜು, ನಿಜ. ಎರಡು ಮಹಡಿ, ಒಂದು ಬೇವಿನ ಮರ, ಸ್ವಂತ ಮೈದಾನವಿಲ್ಲ. ಆದರೆ ಫುಟ್‌ಬಾಲ್ ಆಡುವ ಮಕ್ಕಳಿಗೆ ಫೀಸಿಲ್ಲದೆ ಸೀಟು ಕೊಡುವ ಪದ್ಧತಿ ಅಲ್ಲಿ ಮೊದಲಿನಿಂದ ಇದೆ. ಹಲಸೂರು, ಮರ್ಫಿ ಟೌನ್ ಗಲ್ಲಿಗಳಲ್ಲಿ ಚೆಂಡು ಒದೆಯುತ್ತಾ ಬೆಳೆದ ಹುಡುಗರು ಪದವಿ ಕಾಣುವುದು ಆ ಬಾಗಿಲಿನಿಂದ. ಲೀಗಿನಲ್ಲಿ ಕಾಲೇಜಿನ ಹೆಸರಿದೆ ಎನ್ನುವ ಒಂದೇ ಕಾರಣಕ್ಕೆ ಆಡಳಿತ ಮಂಡಳಿ ಆ ಸೀಟುಗಳನ್ನು ಉಳಿಸಿಕೊಂಡಿತ್ತು.

ಸಂಜೆಗೆ ಆ ಕಾಲೇಜಿನ ಪಿ.ಟಿ. ಮೇಷ್ಟ್ರು ಬಂದರು. ಮಾತು ಕಮ್ಮಿ ಮನುಷ್ಯ. ಮೈದಾನದಲ್ಲೂ ಕೂಗುವವರಲ್ಲ, ಪೀಪಿಯಲ್ಲೇ ಎಲ್ಲ ಹೇಳುತ್ತಾರೆ. ಸ್ಟೂಲಿನ ಮೇಲೆ ಕೂತು ಸ್ವಲ್ಪ ಹೊತ್ತು ನೂಲಿನ ಉಂಡೆಗಳನ್ನು ನೋಡಿದರು.

"ಏನಮ್ಮಾ, ನಮ್ಮನ್ನ ಕಳಿಸ್ತಿದ್ದೀಯಂತೆ."

"ಯಾರು ಹೇಳಿದ್ದು?"

"ಉಳಿದ ಏಳೂ ಜನ ಹೇಳಿದ್ರು. ಬೇಜಾರಾಗಿ ಹೇಳಿದ್ರು. ಒಬ್ರೂ ಬೇಡ ಅನ್ಲಿಲ್ಲ."

ಅನ್ನುವುದಾದರೂ ಹೇಗೆ? ಹೋಗುವುದು ತಮ್ಮ ಕಾಲೇಜಲ್ಲವಲ್ಲ ಎಂದು ಒಬ್ಬೊಬ್ಬರೂ ಒಳಗೊಳಗೇ ಉಸಿರು ಬಿಟ್ಟಿದ್ದರು. ಟಿ.ವಿ.ಯಲ್ಲೋ ಫೋನಿನಲ್ಲೋ ಕಾಣಿಸಿಕೊಳ್ಳುವ ಆಸೆ ಯಾರಿಗಿಲ್ಲ?

"ಲೀಗ್ ಹೋದ್ರೆ ಸೀಟು ಹೋಗುತ್ತಮ್ಮಾ. ಈ ವರ್ಷ ಸೇರೋಕೆ ಮೂರು ಹುಡುಗರು ಕಾದವ್ರೆ. ಅವರ ಮನೆಯವ್ರಿಗೆ ಏನ್ ಹೇಳ್ಲಿ?"

"ಏನೂ ಹೇಳ್ಬೇಡಿ. ನಾನು ಇನ್ನೂ ಆಗಲಿ ಅಂದಿಲ್ಲ."

"ಇಲ್ಲಾನೂ ಅಂದಿಲ್ಲವಂತೆ."

"ಇಲ್ಲ ಅಂದ್ರೆ ಆ ಹುಡುಗಿ ಎದ್ದು ಹೋಗ್ತಿದ್ಲು ಮೇಷ್ಟ್ರೇ. ಎದ್ದು ಹೋದವರ ಹತ್ರ ಚೌಕಾಸಿ ಮಾಡೋಕಾಗುತ್ತಾ?"

ನಾನು ಆ ಹುಡುಗಿಗೆ ಹೇಳಿ ಕಳಿಸಿದ್ದು ಇಷ್ಟು: ಕೆ.ಆರ್. ಪುರದವರನ್ನು ಕರೆತರುವ ಜವಾಬ್ದಾರಿ ನನ್ನದು. ಆದರೆ ಸರಕು ನೋಡದೆ ಯಾರೂ ಕೊಳ್ಳಬಾರದು. ಲೀಗು ಶುರುವಾಗುವ ಮೊದಲು ಒಂದು ಪಂದ್ಯ ಆಡಿಸೋಣ, ನೀವು ನಿಮ್ಮ ಆ್ಯಪಿನಲ್ಲಿ ತೋರಿಸಿ ನೋಡಿ. ಬರುವ ಕಾಲೇಜಿಗೂ ಹೋಗುವ ಕಾಲೇಜಿಗೂ ಪಂದ್ಯ, ಹಲಸೂರಿನ ಸಾರ್ವಜನಿಕ ಮೈದಾನದಲ್ಲಿ. ಅವಳು ತಕ್ಷಣ ಒಪ್ಪಿದಳು. ಕಳಿಸಿಕೊಡುವ ಪಂದ್ಯ ಎಂದರೆ ನೋಡುವವರು ಬರುತ್ತಾರೆ ಎಂದು ಅವಳ ಲೆಕ್ಕ. ನನ್ನ ಲೆಕ್ಕ ಬೇರೆ ಇತ್ತು. ಅದರಲ್ಲಿ ಅರ್ಧ ಮಾತ್ರ ಆಗಲೇ ಗೊತ್ತಿತ್ತು ಎಂದು ಈಗ ಹೇಳಿದರೆ ತಪ್ಪಿಲ್ಲ.

ಮೊದಲು ಕೆ.ಆರ್. ಪುರ. ಅಲ್ಲಿನ ಕ್ರೀಡಾ ನಿರ್ದೇಶಕರು ಧಾರವಾಡದ ಕಡೆಯವರು. ನಾನು ಅವರ ಕಾಲೇಜಿಗೆ ಹೋಗಲಿಲ್ಲ. ದೊಡ್ಡವರ ಮೇಜಿನ ಮುಂದೆ ಕೂತರೆ ನಾವು ಅರ್ಜಿದಾರರಾಗಿಬಿಡುತ್ತೇವೆ. ಜೆರ್ಸಿ ಬಟ್ಟೆ ನೋಡುವ ನೆಪದಲ್ಲಿ ಅವರನ್ನೇ ಕರೆಸಿಕೊಂಡು, ರಸೆಲ್ ಮಾರುಕಟ್ಟೆಯೊಳಗೆ ಒಂದು ಸುತ್ತು ಹಾಕಿಸಿದೆ. ಹೂವಿನ ಸಾಲು ದಾಟಿ ಹಣ್ಣಿನ ಸಾಲಿಗೆ ಬರುವಷ್ಟರಲ್ಲಿ ಅವರ ಕೈಯಲ್ಲಿ ನಾನು ಕೊಡಿಸಿದ ಸೀತಾಫಲ, ಬಾಯಲ್ಲಿ ಒಳ್ಳೆಯ ಮಾತು.

"ಅಕ್ಕಾರ, ಖರೇ ಹೇಳ್ತೀನಿ. ಸೌತಿನವ್ರು ಫೈನಲ್ ನಮ್ಮ ಮೈದಾನದಾಗ ಮಾಡ್ತೀವಿ ಅಂದಾರ್ರಿ."

"ಒಳ್ಳೇದೇ ಅಲ್ವಾ ಸರ್. ಫೈನಲ್ ಒಂದು ದಿನ. ಉಳಿದ ವಾರ ಎಲ್ಲ ನಿಮ್ಮ ಹುಡುಗ್ರು ಏನ್ಮಾಡ್ತಾರೆ?"

"ಮೆಟ್ರೋದಾಗ ಹೋಗ್ತಾರ್ರಿ."

"ಮೆಜೆಸ್ಟಿಕ್ಕಲ್ಲಿ ಇಳಿದು, ಆ ಜನದಲ್ಲಿ ಹಸಿರು ಲೈನಿನ ಗಾಡಿ ಹತ್ತಿ. ಆಟ ನೋಡೋಕೆ ಹೊರಟವರಲ್ಲಿ ಅರ್ಧ ಜನ ಮೆಜೆಸ್ಟಿಕ್ಕಲ್ಲೇ ಮಸಾಲೆ ದೋಸೆಗೆ ನಿಂತ್ಬಿಡ್ತಾರೆ. ನಮ್ಮಲ್ಲಿಗಾದ್ರೆ ಕೆ.ಆರ್. ಪುರದಲ್ಲಿ ಹತ್ತಿದ್ರೆ ಹಲಸೂರಲ್ಲಿ ಇಳಿಯೋದು. ಒಂದೇ ಗಾಡಿ. ಮಧ್ಯದಲ್ಲಿ ಇಂದಿರಾನಗರ. ನಿಮ್ಮ ಹುಡುಗ್ರು ಕಾಲೇಜಿನ ಜೆರ್ಸಿ ಹಾಕ್ಕೊಂಡು ಪ್ರತಿ ವಾರ ಇಂದಿರಾನಗರದ ಮೇಲೇ ಹೋಗಿ ಬರ್ತಾರೆ. ಇದನ್ನ ನಿಮ್ಮ ಮ್ಯಾನೇಜ್‌ಮೆಂಟಿಗೆ ಹೇಳಿ."

ಅವರು ಸೀತಾಫಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಎರಡನೇ ಸಲ ಮುಟ್ಟಿದ ಹಾಗಾಯಿತು. ಅವರ ಆಡಳಿತ ಮಂಡಳಿಗೆ ಬೇಕಿದ್ದದ್ದು ಗೆದ್ದವರಿಗೆ ಸಿಗುವ ಕಪ್ ಅಲ್ಲ, ಊರ ಹೊರಗಿನ ಕಾಲೇಜು ಎಂಬ ಹೆಸರು ಹೋಗುವುದು. ಒಂದು ಪಂದ್ಯ ಆಡಿ ನೋಡೋಣ ಎಂದರು. ಜೆರ್ಸಿಯೂ ನನ್ನಲ್ಲೇ ಆಯಿತು, ಅದು ಬೇರೆ ಮಾತು.

ಪಂದ್ಯದ ದಿನದ ವಿಷಯ ಹೇಳುವ ಮೊದಲು ನಮ್ಮ ಲೀಗಿನ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಪ್ರತಿ ಪಂದ್ಯಕ್ಕೂ ಮೈಕ್ ಸೆಟ್ ಇರುತ್ತದೆ. ಕಂಬಕ್ಕೆ ಕಟ್ಟಿದ ಎರಡು ಕೊಳವೆ ಸ್ಪೀಕರು, ಒಂದು ಮೈಕು. ಮೊದಲರ್ಧ ಮೈಕು ಮನೆಯವರ, ಅಂದರೆ ಆತಿಥೇಯ ತಂಡದವರ ಕೈಯಲ್ಲಿ, ಎರಡನೆಯರ್ಧ ಬಂದವರ ಕೈಯಲ್ಲಿ. ವಿರಾಮದಲ್ಲಿ ಮೈಕಿನ ಜೊತೆ ಒಂದು ಲೋಟ ಚಹಾ ಇಟ್ಟು ಒಪ್ಪಿಸಬೇಕು. ಆಟವನ್ನು ಎಷ್ಟು ಬೇಕಾದರೂ ಹಂಗಿಸಬಹುದು, ಯಾರ ಅಪ್ಪ ಅಮ್ಮನ ಮಾತನ್ನೂ ಎತ್ತಬಾರದು. ಇದನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ಒಬ್ಬರೇ ಮಾತಾಡಿದರೆ ಜಗಳ, ಇಬ್ಬರೂ ಮಾತಾಡಿದರೆ ಆಟ ಎಂದು ಕಂಡುಕೊಂಡವರು ಯಾರೋ ಇರಬೇಕು.

ಆ್ಯಪಿನವರು ತಮ್ಮದೇ ಇಂಗ್ಲಿಷ್ ಕಾಮೆಂಟರಿಯವನನ್ನು ಕರೆತಂದಿದ್ದರು. ಕಿವಿಗೆ ಹೆಡ್‌ಫೋನು, ಒಂದು ಪುಟ್ಟ ಶಾಮಿಯಾನ. ನಮ್ಮ ಸ್ಪೀಕರು ನೋಡಿ ಹುಡುಗಿ ಹುಬ್ಬು ಗಂಟಿಕ್ಕಿದಳು.

"ಇದು ಆಫ್ ಇದ್ರೆ ಚೆನ್ನಾಗಿತ್ತು ಮೇಡಂ."

"ಆಫ್ ಮಾಡಿದ್ರೆ ಹಲಸೂರಿನವ್ರು ಮೈಕ್ ಹಾಳಾಗಿದೆ ಅಂತ ರಿಪೇರಿಗೆ ಮೈದಾನದೊಳಗೇ ಬರ್ತಾರೆ. ಇರ್ಲಿ ಬಿಡಿ, ಹಿಂದೆ ಎಲ್ಲೋ ಸದ್ದು."

ಮೊದಲರ್ಧದಲ್ಲಿ ಹಲಸೂರಿನ ಪರವಾಗಿ ಮೈಕ್ ಹಿಡಿದವನು ಆ ಕಾಲೇಜಿನ ಹಳೆಯ ಆಟಗಾರ, ಈಗ ಆಟೊ ಓಡಿಸುತ್ತಾನೆ. ಮೂರು ಭಾಷೆಯನ್ನೂ ಒಂದೇ ಗೇರಿನಲ್ಲಿ ಓಡಿಸುತ್ತಾನೆ. "ಡೇಯ್ ತಂಬಿ, ಪಾಸ್ ಕೊಡ್ರಾ, ಆಸ್ತಿ ಕೇಳ್ತಿಲ್ಲ ನಿನ್ನ. ಭಾಯ್, ಇತ್ನಾ ಜಲ್ದಿ ಕಾಯ್ಕು, ಗೋಲ್‌ಪೋಸ್ಟು ಎಲ್ಲಿಗೂ ಓಡಿಹೋಗಲ್ಲ. ಗೇಟ್ ಹತ್ರ ನಿಲ್ಸಿರೋ ಬಿಳಿ ಸ್ಕೂಟರ್ ಯಾರದು? ತೆಗೀರಿ, ಆ್ಯಂಬುಲೆನ್ಸ್ ಬಂದ್ರೆ ಜಾಗ ಬೇಕು. ಕೆ.ಆರ್. ಪುರದವ್ರಿಗೆ ಬೇಕಾಗಬಹುದು." ಕೆ.ಆರ್. ಪುರದ ಹುಡುಗರು ಎರಡು ಬೋಗಿ ತುಂಬಾ ಬಂದಿದ್ದರು. ಮೊದಮೊದಲು ಮುಖ ಗಂಟು ಹಾಕಿಕೊಂಡರು, ಆಮೇಲೆ ತಾವೇ ನಗತೊಡಗಿದರು. ವಿರಾಮಕ್ಕೆ ಹಲಸೂರು ಒಂದು ಗೋಲು ಮುಂದಿತ್ತು.

ಆಟೊದವನು ಪದ್ಧತಿಯಂತೆ ಮೈಕನ್ನೂ ಚಹಾ ಲೋಟವನ್ನೂ ತೆಗೆದುಕೊಂಡು ಹೋಗಿ ನಿರ್ದೇಶಕರ ಮುಂದೆ ಹಿಡಿದ. "ಇನ್ಮೇಲೆ ನಿಮ್ದು ಸರ್." ನಾನು ಜೆರ್ಸಿ ಅಳತೆಯ ಗಡಿಬಿಡಿಯಲ್ಲಿ ಅವರಿಗೆ ಈ ಪದ್ಧತಿ ತಿಳಿಸಿರಲಿಲ್ಲ. ಕಾರ್ಯಕ್ರಮ ಎಂದರೆ ನಿರೂಪಣೆ, ವಂದನಾರ್ಪಣೆ ಇರುತ್ತದಲ್ಲ, ಅದಕ್ಕೇ ಕೇಳುತ್ತಿದ್ದಾರೆ ಎಂದುಕೊಂಡರು ಅವರು. ಕಾಲೇಜು ಸಮಾರಂಭಗಳಲ್ಲಿ ನಿರೂಪಣೆ ಮಾಡುವ ವಿಜಯಪುರದ ಹುಡುಗಿಯೊಬ್ಬಳನ್ನು ಗುಂಪಿನಿಂದ ಎಬ್ಬಿಸಿ ಕಳಿಸಿದರು. ಅವಳು ದುಪಟ್ಟಾ ಸರಿಮಾಡಿಕೊಂಡು, ಚಹಾ ಕುಡಿದು, ಶುರು ಮಾಡಿದಳು.

"ವೇದಿಕೆಯ ಮೇಲೆ ಆಸೀನರಾಗಿರುವ ಎಲ್ಲ ಗಣ್ಯರೇ..."

ವೇದಿಕೆ ಇರಲಿಲ್ಲ. ಅಷ್ಟರಲ್ಲಿ ರೆಫರಿ ಪೀಪಿ ಊದಿ ಆಟ ಶುರುವಾಯಿತು. ಅವಳು ಗಣ್ಯರಿಂದ ಪೋಷಕರಿಗೆ, ಪೋಷಕರಿಂದ ಮಾಧ್ಯಮ ಮಿತ್ರರಿಗೆ ಬಂದಳು. ಇಡೀ ಮೈದಾನ ಬಾಯಿ ಮುಚ್ಚಿಕೊಂಡು ನಗುತ್ತಿತ್ತು.

ಅವಳ ಗೆಳತಿ ಹಿಂದಿನಿಂದ ಕೂಗಿದಳು. "ಏ, ಆಟದ ಬಗ್ಗೆ ಹೇಳಬೇಕಂತ ಲೇ!"

"ನನಗೇನ್ ತಿಳಿತದ ಇದರಾಗ?" ಎಂದು ಅವಳು ಗೆಳತಿಗೆ ಅಂದದ್ದು ಸ್ಪೀಕರಿನಲ್ಲಿ ಹಲಸೂರು ಕೆರೆಯವರೆಗೂ ಕೇಳಿಸಿರಬೇಕು. ಆಮೇಲೆ ಮೈದಾನದ ಕಡೆ ತಿರುಗಿದಳು. ಗಂಟಲು ಸರಿಮಾಡಿಕೊಂಡಳು.

"ಹಾಂ. ಚಂಡು ನಮ್ಮವರ ಕಡೆ ಐತಿ. ಹೋತು. ಅವಗ್ಯಾಕ ಕೊಟ್ಟ್ಯೋ, ಅಂವ ನಿಮ್ಮ ಬೀಗನೇನು? ಏಳನೇ ನಂಬರ್ ಅಣ್ಣಾ, ಚಂಡು ಇಲ್ಲಿ ಐತಿ, ನೀ ಎತ್ತಾಗ ಹೊಂಟಿ, ಬಸ್ ಹಿಡಿಯಾಕೇನು? ರೆಫರಿ ಸರ್ ಪೀಪಿ ಊದ್ಯಾರ. ಯಾಕ ಅಂತ ನನಗ ಗೊತ್ತಿಲ್ಲ. ಅವರ ಮಾರಿ ನೋಡಿದ್ರ ಅವರಿಗೂ ಗೊತ್ತಿದ್ದಂಗಿಲ್ಲ."

ರೆಫರಿ ನಕ್ಕು ಪೀಪಿ ಬೀಳಿಸಿದ. ಹಲಸೂರಿನವರು ಎರಡನೇ ಗೋಲು ಹೊಡೆದಾಗ ಅವಳು ತಮ್ಮ ಗೋಲ್‌ಕೀಪರನ್ನೇ ತರಾಟೆಗೆ ತೆಗೆದುಕೊಂಡಳು. "ಗೋಲಿ ಅಣ್ಣ, ಹಬ್ಬಕ್ಕ ಬಂದವ್ರಿಗೆ ಬರ್ರಿ ಬರ್ರಿ ಅಂದಂಗ ಬಾಗಲಾ ಬಿಟ್ಟು ಬಾಜೂಕ ನಿಂತೀಯಲ್ಲ. ಕುಂಡ್ರಾಕ ಚಾಪಿನೂ ಹಾಕು." ಆಟೊದವನಿಗೆ ತಡೆಯಲಾಗಲಿಲ್ಲ. ಮೈಕಿಲ್ಲದೆಯೇ ಕೂಗಿದ: "ಚಾಪೆ ಬೇಡಮ್ಮಾ, ಟೀ ಆಗಲೇ ಕೊಟ್ಟಿದೀವಿ." ಅವಳು ಅತ್ತ ತಿರುಗಿ, "ಟೀದಾಗ ಸಕ್ಕರಿ ಕಮ್ಮಿ ಇತ್ತು, ಅದಕ್ಕ ನಮ್ಮವರಿಗೆ ಶಕ್ತಿ ಇಲ್ಲ," ಎಂದಳು.

ನಾನು ಆಟ ನೋಡುತ್ತಿರಲಿಲ್ಲ. ಆ್ಯಪಿನ ಹುಡುಗಿಯ ಕೈ ನೋಡುತ್ತಿದ್ದೆ. ಅವಳು ಫೋನನ್ನು ಮೇಲೆ ಕೆಳಗೆ ಸರಿಸುತ್ತಾ, ನೋಡುವವರು ಬರೆಯುತ್ತಿದ್ದುದನ್ನು ಓದುತ್ತಿದ್ದಳು. ನನಗೂ ತೋರಿಸಿದಳು. ಒಬ್ಬ ಬರೆದಿದ್ದ: ಆ ಇಂಗ್ಲಿಷ್ ಅಣ್ಣನ್ನ ಸುಮ್ನಿರ್ಸಿ, ಅಕ್ಕನ ಸೌಂಡ್ ಜಾಸ್ತಿ ಮಾಡಿ. ಇನ್ನೊಬ್ಬರು: ಆಟೊ ಅಂಕಲ್‌ಗೂ ಒಂದು ಮೈಕ್ ಕೊಡಿ. ಸ್ವಲ್ಪ ಹೊತ್ತಿಗೆ ಅವಳು ಶಾಮಿಯಾನಕ್ಕೆ ಹೋಗಿ ಏನೋ ಹೇಳಿದಳು. ಇಂಗ್ಲಿಷಿನವನು ಹೆಡ್‌ಫೋನ್ ತೆಗೆದಿಟ್ಟು, ಹೊರಗೆ ಬಂದು, ಎಲ್ಲರ ಜೊತೆ ನಿಂತು ನಗತೊಡಗಿದ. ಅವನ ಪಾಲಿಗೂ ಒಳ್ಳೆಯದೇ ಆಯಿತು ಅನ್ನಿ.

ಹಲಸೂರು ಗೆದ್ದಿತು. ಆದರೆ ಗೆದ್ದದ್ದರಿಂದ ಏನೂ ಆಗುವುದಿಲ್ಲ ಎಂದು ಮೇಷ್ಟ್ರಿಗೂ ನನಗೂ ಗೊತ್ತಿತ್ತು. ಅವರು ಚೆಂಡುಗಳನ್ನು ಬಲೆಚೀಲಕ್ಕೆ ತುಂಬುತ್ತಾ ನನ್ನ ಕಡೆ ಒಂದು ಸಲ ನೋಡಿದರು, ಅಷ್ಟೇ.

ಮಾತುಕತೆ ಅಲ್ಲೇ, ಸ್ಪೀಕರಿನ ಕಂಬದ ಕೆಳಗೆ. ನಾನು ಬೇಕೆಂದೇ ತಡ ಮಾಡಲಿಲ್ಲ. ನಕ್ಕ ಗಿರಾಕಿಯನ್ನು ನಗು ಆರುವ ಮೊದಲೇ ಕೂರಿಸಬೇಕು.

"ಸೂಪರ್ ಮೇಡಂ," ಎಂದಳು ಆ್ಯಪಿನವಳು. "ಈ ಮೈಕ್ ಐಡಿಯಾ ನಾವು ಎಲ್ಲ ಮ್ಯಾಚಲ್ಲೂ ಇಟ್ಕೋತೀವಿ."

"ಇಟ್ಕೊಳ್ಳಿ. ಆದ್ರೆ ಅದು ಐಡಿಯಾ ಅಲ್ಲಮ್ಮಾ, ನಮ್ಮ ಪದ್ಧತಿ. ಸೌತ್‌ನವ್ರ ಹತ್ರ ಸಿಗಲ್ಲ. ಇನ್ನು ಹಲಸೂರನ್ನ ಕಳಿಸಿದ್ರೆ ಆಟೊದವನೂ ಹೋಗ್ತಾನೆ. ಆಗ ಕೆ.ಆರ್. ಪುರದ ಹುಡುಗಿ ಯಾರಿಗೆ ಉತ್ತರ ಕೊಡ್ತಾಳೆ? ಒಂದು ಕೈ ಮುರಿದು ಚಪ್ಪಾಳೆ ಕೇಳ್ತಿದ್ದೀರಿ."

"ಆದ್ರೆ ಒಂಬತ್ತು ಟೀಮ್ ಆಗುತ್ತೆ ಮೇಡಂ. ಒಂದು ಟೀಮ್ ಕೂತಿರುತ್ತೆ. ಅದೇ ಪ್ರಾಬ್ಲಮ್ಮು, ನಾನು ಅವತ್ತೇ ಹೇಳಿದ್ದೆ."

ಇಲ್ಲಿ ನನ್ನ ಲೆಕ್ಕದ ಉಳಿದರ್ಧ ಸಿಕ್ಕಿತು. ನಾನು ಕೇಳಿದೆ: "ವಿರಾಮದಲ್ಲಿ ನೀವು ಏನು ತೋರಿಸ್ತೀರಿ?"

"ಜಾಹೀರಾತು. ಆಮೇಲೆ... ಖಾಲಿ ಮೈದಾನ."

"ಆ ಹೊತ್ತನ್ನ ಆ ವಾರ ಆಡದ ಟೀಮಿಗೆ ಕೊಡಿ. ಮೊದಲರ್ಧ ಮನೆಯವ್ರ ಮೈಕು, ಎರಡನೇ ಅರ್ಧ ಬಂದವ್ರ ಮೈಕು, ಮಧ್ಯದಲ್ಲಿ ಕೂತವ್ರ ಮೈಕು. ಇಬ್ಬರನ್ನೂ ಹಂಗಿಸ್ಲಿ. ಅವರ ಕಾಲೇಜಿನವ್ರು ಅವರನ್ನ ಕೇಳೋಕೆ ಅಂತ್ಲೇ ಆ್ಯಪ್ ತೆಗೀತಾರೆ. ಯಾವ ವಾರಾನೂ ಯಾರೂ ಸುಮ್ನೆ ಕೂರಲ್ಲ."

ಅವಳು ಫೋನು ನೋಡಿದಳು, ಮೈಕು ನೋಡಿದಳು. ಪಕ್ಕದಲ್ಲಿ ನಿಂತಿದ್ದ ನಿರ್ದೇಶಕರು ನಡುವೆ ಬಾಯಿ ಹಾಕಿದರು. "ನೋಡ್ರಿ ಮೇಡಂ, ಹಲಸೂರಿನವ್ರು ಇದ್ರಷ್ಟ ನಾವು ಬರ್ತೀವ್ರಿ. ಇವತ್ತಿನ ಸೋಲಿಗೆ ಮರಳಿ ಹೊಡೀಬೇಕಲ್ರಿ ನಾವು. ಅವ್ರ ಇಲ್ಲಂದ್ರ ಯಾರಿಗೆ ಹೊಡಿಯೋಣು?" ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಸೀತಾಫಲವೂ ಹೇಳಿಕೊಟ್ಟಿರಲಿಲ್ಲ. ನನ್ನ ಚೌಕಾಸಿಗಿಂತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು ಎನ್ನುವುದನ್ನು ಒಪ್ಪಿಕೊಳ್ಳಬೇಕು. ಆ್ಯಪಿನ ಹುಡುಗಿ ನನ್ನ ಕೈಗೆ ಕೈ ತಟ್ಟಿದಳು. ಒಂಬತ್ತು.

ಹಲಸೂರಿನ ಮೂವರು ಹುಡುಗರು ಆ ವಾರವೇ ಕಾಲೇಜಿಗೆ ಸೇರಿದರು. ಅಳತೆಗೆ ಬಂದಾಗ ಒಬ್ಬನ ಭುಜ ಎಷ್ಟು ಸಣ್ಣದಿತ್ತೆಂದರೆ, ಒಂದು ವರ್ಷಕ್ಕೆ ಬೆಳೆಯುತ್ತಾನೆಂದು ಹೊಲಿಗೆಯಲ್ಲಿ ಬಟ್ಟೆ ಒಳಗೆ ಮಡಿಸಿಟ್ಟೆ.

ಲೀಗು ಶುರುವಾದ ಮೊದಲ ವಾರ ಸುಮ್ಮನೆ ಕೂರುವ ಸರದಿ ಯಾರಿಗೆ ಎಂದು ಚೀಟಿ ಎತ್ತಿದೆವು. ಹಲಸೂರು ಬಂತು. ಮೇಷ್ಟ್ರು, "ಮೊದಲನೇ ವಾರವೇ ಆಚೆ ಕೂರಿಸಿಬಿಟ್ಯಲ್ಲಮ್ಮಾ," ಎಂದರು. ಮುಖದಲ್ಲಿ ನಗುವಿತ್ತು. ಪಂದ್ಯದ ದಿನ ಆಟೊದವನು ಮದುವೆ ಬಾಡಿಗೆಗೆ ಹೋಗಿದ್ದ. ವಿರಾಮವಾಯಿತು, ಕ್ಯಾಮೆರಾ ಇತ್ತ ತಿರುಗಿತು. ಹಲಸೂರಿನ ಹುಡುಗರೆಲ್ಲ ಮೇಷ್ಟ್ರನ್ನು ಮುಂದಕ್ಕೆ ತಳ್ಳಿದರು. "ಮೇಷ್ಟ್ರೇ, ನೀವೇ ಮಾತಾಡ್ಬೇಕು ಇವತ್ತು." ಅವರು ಮೈಕನ್ನು ಪೀಪಿ ಹಿಡಿದ ಹಾಗೆ ಹಿಡಿದರು. ನೆಟ್ಟಗೆ ನಿಂತರು.

"ಹಲಸೂರು ಕಾಲೇಜು ಈ ವಾರ ಆಡ್ತಾ ಇಲ್ಲ," ಎಂದರು. "ಮುಂದಿನ ವಾರ ಆಡ್ತೀವಿ. ಅದರ ಮುಂದಿನ ವಾರಾನೂ ಆಡ್ತೀವಿ."

ಮೈಕನ್ನು ಮೇಜಿನ ಮೇಲಿಟ್ಟು ಬಂದುಬಿಟ್ಟರು. ಹಲಸೂರಿನ ಕಡೆಯಿಂದ ಎದ್ದ ಸದ್ದಿಗೆ ಕಂಬದ ಮೇಲಿನ ಕಾಗೆಗಳು ಹಾರಿದವು. ಆ್ಯಪಿನ ಹುಡುಗಿ ಓಡಿ ಬಂದಳು. "ಮೇಡಂ, ಇನ್ನೂ ಅಷ್ಟೊಂದು ಟೈಮ್ ಇದೆ. ಮುಗೀತಾ?"

"ಅವ್ರಿಗೆ ಹೇಳ್ಬೇಕಾಗಿದ್ದು ಮುಗೀತು," ಎಂದೆ. ಉಳಿದ ಹೊತ್ತನ್ನು ಸುಮ್ಮನೆ ಬಿಡುವವಳಲ್ಲ ನಾನು. ಮೈಕ್ ತೆಗೆದುಕೊಂಡು, ಜೆರ್ಸಿ ಬಟ್ಟೆ ಆರಿಸುವಾಗ ಬಣ್ಣ ಬಿಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ ಎಂದು ಶುರು ಮಾಡಿದೆ. ಯಾರೋ ಹಿಂದಿನಿಂದ, "ಅಕ್ಕಾ, ಅಂಗಡಿ ಅಡ್ರೆಸ್ ಹೇಳ್ಬೇಡಿ," ಎಂದು ಕೂಗಿದರು. ಹೇಳಲಿಲ್ಲ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿ ಎಂದೆ, ಅಷ್ಟೇ.